ಉಪ್ಪಿನ ಋಣ

ರಸಾಯನಶಾಸ್ತ್ರಕ್ಕೆ ಕನ್ನಡದ ಮಾತು ಕೊಟ್ಟ ಹಿರಿಯರಿಗೆ ನನ್ನಂಥ ಕನ್ನಡ ಮೇಷ್ಟರ ನಮಸ್ಕಾರ ಸಲ್ಲಬೇಕು. ಎಲೆಕ್ಟ್ರಾನನ್ನು ಬಿಟ್ಟುಕೊಟ್ಟ ಪರಮಾಣು 'ಧನ' ಅಯಾನು. ಪಡೆದುಕೊಂಡದ್ದು 'ಋಣ' ಅಯಾನು! ಕೊಟ್ಟವನೇ ಧನಿಕ, ಇಸಕೊಂಡವನು ಸಾಲಗಾರ. ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದನ್ನೇ ಅಲ್ಲವೇ?

ಎಲೆಕ್ಟ್ರಾನನ್ನು ಸೆಳೆಯುವ ಬಲ ಎಲ್ಲ ಪರಮಾಣುಗಳಿಗೂ ಒಂದೇ ಸಮನಾಗಿಲ್ಲ. 1932ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಈ ಸೆಳೆತಕ್ಕೊಂದು ಅಳತೆಗೋಲು ಕಟ್ಟಿದರು. ಇಂದು ಅದರಲ್ಲಿ ಫ್ಲೂರಿನ್ನಿಗೆ 3.98, ಸೀಸಿಯಮ್ಮಿಗೆ 0.79. ಆವರ್ತ ಕೋಷ್ಟಕದ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ನಡೆಯಿರಿ: ನ್ಯೂಕ್ಲಿಯಸ್ಸಿನ ಧನ ಏರುತ್ತದೆ, ಹೊರಗಿನ ಎಲೆಕ್ಟ್ರಾನುಗಳ ಕವಚ ಅದೇ, ಹಿಡಿತ ಬಿಗಿಯಾಗುತ್ತದೆ. ಬಲತುದಿಯ ಜಡಾನಿಲಗಳು ಸನ್ಯಾಸಿಗಳು, ಅವರ ಮಾತು ಬೇರೆ. ಮೇಲಿನಿಂದ ಕೆಳಕ್ಕಿಳಿದರೆ ಹೊರಗಿನ ಎಲೆಕ್ಟ್ರಾನು ದೂರವಾಗುತ್ತದೆ, ನಡುವೆ ಒಳಗಿನವುಗಳ ಮರೆ. ತುಂಬಿದ ಮನೆಯಲ್ಲಿ ನಡುಮನೆಯ ಅಜ್ಜನ ಗದರಿಕೆ ಜಗಲಿಯ ಹುಡುಗರನ್ನು ಮುಟ್ಟಿದ ಹಾಗೆ. ಹಿಡಿತ ಸಡಿಲ.

ಸೋಡಿಯಂ ಎಡತುದಿಯದು, ಕ್ಲೋರಿನ್ ಬಲಗಡೆಯದು. ಒಂದು ಕೊಟ್ಟಿತು, ಒಂದು ಪಡೆಯಿತು, ಉಪ್ಪಾಯಿತು ಎನ್ನುತ್ತೇವೆ. ಲೆಕ್ಕ ಅಷ್ಟು ಸುಲಭವಲ್ಲ. ಆವಿಯಾದ 23 ಗ್ರಾಂ ಸೋಡಿಯಂನ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನು ಬಿಡಿಸಲು 496 ಕಿಲೋಜೌಲ್ ಬೇಕು. ಅವನ್ನೆಲ್ಲ ಕ್ಲೋರಿನ್ ಪರಮಾಣುಗಳು ಪಡೆದಾಗ ಹೊರಬೀಳುವುದು 349 ಮಾತ್ರ. ಬರಿಯ ಕೊಡುಕೊಳ್ಳುವಿಕೆಯಲ್ಲಿ 147 ನಷ್ಟ! ಅದು ತುಂಬಿಬರುವುದು ಧನವೂ ಋಣವೂ ಒತ್ತೊತ್ತಾಗಿ ಹರಳುಗಟ್ಟಿದಾಗ. ಆಗ ಹೊರಬೀಳುವುದು ಸುಮಾರು 787. ಕೊಟ್ಟದ್ದರ ನಷ್ಟವನ್ನು ಕೂಡಿ ಬಾಳುವುದು ತುಂಬಿಕೊಡುತ್ತದೆ.

ಈ ಲೆಕ್ಕ ನನ್ನ ಮನೆಯದೂ ಹೌದು. ನಮ್ಮಣ್ಣ ಹತ್ತನೆಯ ತರಗತಿಗೇ ಓದು ಬಿಟ್ಟು, ಹೊಲಕ್ಕಿಳಿದು, ನನ್ನನ್ನು ಎಂ.ಎ. ಮಾಡಿಸಿದ. ಅದರಿಂದ ಅವನಿಗೆ ನೋವಾಗಲಿಲ್ಲವೆಂದು ಹೇಳಲಾರೆ. ರಟ್ಟು ಹಾಕಿದ ಅವನ ಪುಸ್ತಕಗಳು ಇಂದಿಗೂ ಅಟ್ಟದ ಮೇಲಿವೆ. ಹಣ ಹಿಂದಿರುಗಿಸಲು ಹೋದರೆ, "ಲೆಕ್ಕ ಚುಕ್ತಾ ಮಾಡಿ ಬೇರೆ ಆಗ್ತೀಯೇನೋ?" ಎನ್ನುತ್ತಾನೆ.

ಉಪ್ಪಿನ ಋಣವನ್ನೇನೋ ತೀರಿಸಬಹುದು. 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಿ, ವಿದ್ಯುತ್ತು ಹರಿಸಿದರೆ ಕ್ಲೋರಿನ್ ಪಡೆದದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಆಮೇಲೆ ಉಳಿಯುವುದೇನು? ನೀರು ತಾಕಿದರೆ ಸಿಡಿದೇಳುವ ಒಂದು ಲೋಹ, ಉಸಿರುಕಟ್ಟಿಸುವ ಒಂದು ವಿಷಗಾಳಿ. ಸಾರಿಗೆ ಹಾಕಲು ಎರಡೂ ಒದಗವು.

ಈಚೆಗೆ ನಾನು ಅಣ್ಣನ ಮನೆಗೆ ಹಣ ಒಯ್ಯುವುದಿಲ್ಲ. ಊಟಕ್ಕೆ ಹೋಗುತ್ತೇನೆ.