ದಾಸರ ಪದಕ್ಕೆ ಬ್ಲೂಸ್ ಎಂದವರಾರು?

ಬೆಳಿಗ್ಗೆ ಕಾಫಿ ಆರುವ ಮೊದಲೇ ನನ್ನ ತಲೆ ಬಿಸಿಯಾಯಿತು. ಕಂಪ್ಯೂಟರಿಗೆ ಹೊಸದೊಂದು ಮ್ಯೂಸಿಕ್ ಪ್ಲೇಯರ್ ಹಾಕಿ, ವರ್ಷಗಟ್ಟಲೆ ಕೂಡಿಟ್ಟ ಹಾಡುಗಳನ್ನೆಲ್ಲ ಅದಕ್ಕೆ ಒಪ್ಪಿಸಿದ್ದೆ. ಅದು ಬಹಳ ಶ್ರದ್ಧೆಯಿಂದ ವಿಂಗಡಿಸಿ ಕೊಟ್ಟ ಪಟ್ಟಿ ನೋಡಿದರೆ ಪುರಂದರದಾಸರು ‘ಬ್ಲೂಸ್’ ವಿಭಾಗದಲ್ಲಿ ಕೂತಿದ್ದಾರೆ. ಪಕ್ಕದಲ್ಲೇ ಶಿಶುನಾಳ ಷರೀಫರು. ಅವರ ಕೆಳಗೆ ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಭಜನೆ. ಅಮೆರಿಕದ ಹತ್ತಿ ಹೊಲಗಳಲ್ಲಿ ಬೆವರು ಸುರಿಸಿದ ಕಪ್ಪು ಜನರ ಹಾಡಿನ ಮೇಲೆ ನನಗೆ ಗೌರವವಿದೆ. ಚಳ್ಳಕೆರೆಯ ಶೇಂಗಾ ಹೊಲದವರಿಗೂ ಅಂಥ ಅಳಲು ಕಡಿಮೆಯೇನಿಲ್ಲ. ಆದರೂ ತಿಪ್ಪೇಸ್ವಾಮಿಗೆ ಬ್ಲೂಸ್ ಅಂದರೆ ಹೇಗೆ?

ಯಾವ ಪ್ಲೇಯರ್ ಒಳ್ಳೆಯದು ಎಂದು ಕೇಳುವವರಿಗೆ ಉತ್ತರ ಸುಲಭ. ವಿಎಲ್‌ಸಿಗೆ ಏನು ಕೊಟ್ಟರೂ ನುಡಿಸುತ್ತದೆ. ಫೂಬಾರ್ 2000 ನೋಡಲು ಬೋಳುಬೋಳು, ಆದರೆ ಹೇಳಿದ ಮಾತು ಕೇಳುತ್ತದೆ. 1997ರಲ್ಲಿ ಬಂದ ವಿನ್ಯಾಂಪ್ ಮಾತ್ರ ದಿನಕ್ಕೊಂದು ವೇಷ ಹಾಕುವ ಕಲಾವಿದ. ಅದರ ‘ಸ್ಕಿನ್’ ಬದಲಿಸುವುದರಲ್ಲೇ ಒಂದು ತಲೆಮಾರಿನ ಹುಡುಗರ ಪರೀಕ್ಷೆಗಳು ಕೆಟ್ಟವು. ಹತ್ತು ಗುಂಡಿಗಳ ಈಕ್ವಲೈಜರೂ ಉಂಟು. ರಾಕ್, ಟೆಕ್ನೋ, ಕ್ಲಬ್, ದೊಡ್ಡ ಹಾಲ್ ಎಂದು ಅದರಲ್ಲಿ ಸಿದ್ಧ ಅಳತೆಗಳಿವೆ. ಜಾತ್ರೆಯಲ್ಲಿ ಬೇವಿನ ಮರಕ್ಕೆ ಕಟ್ಟಿದ ಹಾರ್ನ್ ಮೈಕಿನ ಅಳತೆ ಇಲ್ಲ. ಇರಲಿ, ಅದು ಇನ್ನೊಂದು ದಿನದ ಜಗಳ.

ಬ್ಲೂಸ್ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಎಂಪಿ3 ಹಾಡಿನ ಬಾಲಕ್ಕೆ ಹೆಸರುಪಟ್ಟಿ ಕಟ್ಟುವ ಪದ್ಧತಿ 1996ರಲ್ಲಿ ಶುರುವಾಯಿತು. ಐಡಿ3 ಅಂತ ಅದರ ಹೆಸರು. ಇಡೀ ಪಟ್ಟಿಗೆ 128 ಬೈಟ್ ಜಾಗ. ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಂಗೆ 30. ಪ್ರಕಾರಕ್ಕೆ ಒಂದೇ ಒಂದು ಬೈಟ್, ಅಂದರೆ ಒಂದು ಸಂಖ್ಯೆ. ಆ ಲೆಕ್ಕದಲ್ಲಿ ಸೊನ್ನೆ ಎಂದರೆ ಬ್ಲೂಸ್! ಯಾರೋ ಪುಣ್ಯಾತ್ಮ ಪ್ರಕಾರ ತುಂಬದೆ ಸೊನ್ನೆ ಬಿಟ್ಟರೆ ಸಾಕು, ದಾಸರು ಮಿಸಿಸಿಪ್ಪಿ ದಡ ಸೇರುತ್ತಾರೆ. ಮೊದಲ ಎಂಬತ್ತು ಪ್ರಕಾರಗಳ ಪಟ್ಟಿಯಲ್ಲಿ ಪೋಲ್ಕಾ ಇದೆ, ಆಸಿಡ್ ಜಾಝ್ ಇದೆ, ಡೆತ್ ಮೆಟಲ್ ಕೂಡ ಇದೆ. ಜಾನಪದ ಇಲ್ಲ. ಅದನ್ನು ಆಮೇಲೆ ವಿನ್ಯಾಂಪಿನವರು ನೆನಪಿಸಿಕೊಂಡು 80ನೇ ಸಂಖ್ಯೆ ಕೊಟ್ಟು ಸೇರಿಸಿದರು.

ಇನ್ನು ಮೂವತ್ತು ಬೈಟಿನ ಕಥೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಗುಡಿಸು, ಕೊಂಬು, ಒತ್ತು ಎಲ್ಲಕ್ಕೂ ಪ್ರತ್ಯೇಕ ತೆರಿಗೆ. ಹಾಗಾಗಿ ‘ತಿಪ್ಪೇರುದ್ರಸ್ವಾಮಿ’ ಅಂತ ತುಂಬಿದರೆ ‘ತಿಪ್ಪೇರುದ್’ ಎಂಬಲ್ಲಿಗೆ ಜಾಗ ಮುಗಿಯುತ್ತದೆ. ಸ್ವಾಮಿ ಹೊರಗೇ ನಿಲ್ಲಬೇಕು. ಮುಂದಿನ ಆವೃತ್ತಿಯಲ್ಲಿ ಈ ಇಕ್ಕಟ್ಟು ಹೋಯಿತು. ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ಬೇರೆಬೇರೆ ಮನೆ ಕಟ್ಟಿಕೊಟ್ಟರು. ಮನೆಗಳೇನೋ ಆದವು, ಒಕ್ಕಲು ಬರಲಿಲ್ಲ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ ಅಂಗಡಿಯವರೊಬ್ಬರು ‘ಕಲಾವಿದರು’ ಎಂಬಲ್ಲಿ ತಮ್ಮ ಅಂಗಡಿಯ ಹೆಸರು, ಮೊಬೈಲ್ ನಂಬರು ಎರಡನ್ನೂ ಹಾಕಿದ್ದಾರೆ. ನನ್ನ ಕಂಪ್ಯೂಟರಿನ ಪ್ರಕಾರ ಪಿ. ಕಾಳಿಂಗರಾಯರಿಂದ ಹಿಡಿದು ಸಿ. ಅಶ್ವಥ್‌ವರೆಗೆ ಎಲ್ಲರ ಹಾಡನ್ನೂ ಹಾಡಿದವರು ಬಸ್‌ಸ್ಟ್ಯಾಂಡ್ ಎದುರಿನ ಆ ಮೊಬೈಲ್ ಅಂಗಡಿಯವರು.

ಭಾವಗೀತೆಗಂತೂ ಮೂರು ಹೆಸರಿಲ್ಲದೆ ಮರ್ಯಾದೆಯೇ ಇಲ್ಲ. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಲ್ಲಿ ನಿಸಾರ್ ಅಹಮದ್ ಅವರ ಕವಿತೆಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದರು. ಅಂಥ ಹಾಡಿಗೆ ಒಂದೇ ‘ಆರ್ಟಿಸ್ಟ್’ ಅಂದರೆ ಮೊದಲು ಮಾಯವಾಗುವವನು ಕವಿ. ಹಾಡು ಊರೆಲ್ಲ ಸುತ್ತುತ್ತದೆ, ಬರೆದವನು ಮನೆಯಲ್ಲೇ ಉಳಿಯುತ್ತಾನೆ.

ಈ ವಿಷಯದಲ್ಲಿ ದಾಸರೂ ಶರಣರೂ ಎಂಥ ಮುಂದಾಲೋಚನೆಯ ಜನ! ಹೆಸರನ್ನು ಹಾಡಿನ ಬಾಲಕ್ಕೆ ಕಟ್ಟದೆ ಹಾಡಿನ ಹೊಟ್ಟೆಯೊಳಗೇ ಇಟ್ಟರು. ಪುರಂದರ ವಿಠಲ, ಕೂಡಲಸಂಗಮದೇವ, ಶಿಶುನಾಳಧೀಶ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಪೆನ್‌ಡ್ರೈವಿಗೆ ಎಷ್ಟು ಸಲ ನಕಲಾದರೂ ಅಂಕಿತ ಉದುರುವುದಿಲ್ಲ. ಉದುರಿಸಲು ಹೋದರೆ ಹಾಡೇ ಕುಂಟುತ್ತದೆ. ಯಾವ ಸಾಫ್ಟ್‌ವೇರಿನವರೂ ಇಂಥದ್ದೊಂದು ಏರ್ಪಾಟು ಮಾಡಿಲ್ಲ. ದಾಸರದು ದೇವರ ಹೆಸರು ತಾನೇ, ಅವರದಲ್ಲವಲ್ಲ ಎನ್ನಬಹುದು. ವಿನಯಕ್ಕೆ ವಿನಯ, ವಿಳಾಸಕ್ಕೆ ವಿಳಾಸ.

ಅವರಿಗಿಂತ ಹಳಬ ಒಬ್ಬ ನಮ್ಮ ಮಗ್ಗುಲಲ್ಲೇ ಇದ್ದಾನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಎಂದು ಚಕ್ರವರ್ತಿ ಹೇಳಿದ್ದೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ಎಲ್ಲ ಮುಗಿದ ಮೇಲೆ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಅಷ್ಟಕ್ಕೇ ಸುಮ್ಮನಾಗದೆ, ತಾನು ಲಿಪಿಕಾರನೆಂಬ ಕೊನೆಯ ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದಬೇಕು. ಈ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ಯಾರೂ ಇಲ್ಲದಿದ್ದರೂ ಹಾಕಿದ. ‘ನಂಗೆ ಇದೂ ಬರುತ್ತೆ ಕಣ್ರಯ್ಯಾ’ ಅನ್ನುವ ಆ ಗತ್ತು ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೀರಿ ಬಂಡೆಯ ಮೇಲೆ ಉಳಿದಿದೆ. ಚಕ್ರವರ್ತಿಯ ಫೈಲಿನಲ್ಲಿ ಗುಮಾಸ್ತನ ಟ್ಯಾಗು!

ಈ ಉಮೇದಿನಲ್ಲಿ ಹಾಡುಗಳಿಗೆಲ್ಲ ಹೆಸರು ತುಂಬುತ್ತ ಬಂದವನು ಸಿರಿಯಜ್ಜಿಯ ಹತ್ತಿರ ನಿಂತೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಅಜ್ಜಿ. ಅಕ್ಷರ ಕಲಿಯದವಳ ನಾಲಿಗೆಯ ಮೇಲೆ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರು ಕೂತು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ಹಾಡಿದವರು: ಸಿರಿಯಜ್ಜಿ, ಸರಿ. ಬರೆದವರು? ಅಜ್ಜಿಗೆ ಅದನ್ನು ಕಲಿಸಿದವರ ಅಜ್ಜಿ, ಅವಳ ಅಜ್ಜಿ. ರಾಗ ಹಾಕಿದವರು? ಬೀಸುವ ಕಲ್ಲು ಅನ್ನಬೇಕಷ್ಟೆ. ಇಲ್ಲಿ ಮಾತ್ರ ಖಾಲಿ ಬಿಡುವುದೇ ಸರಿಯಾದ ಉತ್ತರ. ಆದರೆ ಖಾಲಿ ಬಿಟ್ಟರೆ ಪ್ಲೇಯರ್ ‘ಅನ್‌ನೋನ್’ ಎಂದು ಬರೆದುಕೊಳ್ಳುತ್ತದೆ. ಇಡೀ ಹಟ್ಟಿಗೇ ಗೊತ್ತಿರುವವರು ಅದಕ್ಕೆ ಅನಾಮಧೇಯರು. ಕೊನೆಗೆ ‘ಹಟ್ಟಿಯವರು’ ಎಂದು ತುಂಬಿದೆ.

ಹೆಸರಿನ ಹುಚ್ಚು ಒಮ್ಮೆ ಹತ್ತಿದರೆ ಇಳಿಯುವುದಿಲ್ಲ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ಇದೆ, ಅಂದರೆ ಊರಿನ ಹೆಸರಿಗೆ ಕಾನೂನಿನ ಕಾವಲು. ಎಳೆ ಎಣಿಸಿ ಬುಟ್ಟಾ ಎತ್ತಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಸೆರಗಿನ ಮೂಲೆಯಲ್ಲಿ ನೇಕಾರನ ಹೆಸರನ್ನೂ ಸಣ್ಣದಾಗಿ ನೇಯ್ದರೆ ಹೇಗೆ ಎಂದು ಹೆಂಡತಿಯನ್ನು ಕೇಳಿದೆ.

‘ಮದುವೆ ಸೀರೆ ಮೇಲೆ ಯಾವನದೋ ಹೆಸರು ಹಾಕ್ಕೊಂಡು ಓಡಾಡ್ಲಾ?’ ಅಂದಳು.

ಮಗ್ಗದಲ್ಲಿ ಹೆಂಗಸರೂ ಕೂರುತ್ತಾರೆ ಅಂದೆ. ಸ್ವಲ್ಪ ಯೋಚಿಸಿದಳು.

‘ಹೆಸರು ಹಾಕಿದ್ರೆ ರೇಟೂ ಏರಿಸ್ತಾರೆ. ನೀವು ಕೊಡೋ ಹಂಗಿದ್ರೆ ಹಾಕಲಿ.’