ಕೋಡ್ ಕಲಿತ ಕತೆ – 7: ಭರಣಿಗೆ ಒದ್ದೆ ಚಮಚ

ಮೊದಲ ಕೆಲಸದ ಮೂರನೇ ತಿಂಗಳು. ಹೊಸ ಪ್ರಾಜೆಕ್ಟ್‌ಗೆ ಹೊಸ ಪೈಥಾನ್ ಬೇಕಿತ್ತು. ನಾನು ಸೀದಾ ಹೋಗಿ ಉಬುಂಟುವಿನ ಪೈಥಾನ್ ಲಿಂಕನ್ನೇ ಹೊಸದಕ್ಕೆ ತಿರುಗಿಸಿಬಿಟ್ಟೆ. ಬೆಳಗ್ಗೆ ನೋಡಿದ್ರೆ ಟರ್ಮಿನಲ್ಲೇ ತೆರೀತಿಲ್ಲ! ಡೆಮೊಗೆ ಇನ್ನು ಎರಡೇ ಗಂಟೆ. ಕೈಕಾಲು ತಣ್ಣಗಾಯ್ತು.

ಸೀನಿಯರ್ ಒಬ್ರು ಬಂದ್ರು. ಬೈಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ ಹಳೇ ಲಿಂಕ್ ವಾಪಸ್ ಹಾಕಿದ್ರು. "ಇದು ನಿನ್ನ ಪೈಥಾನ್ ಅಲ್ಲ, ಸಿಸ್ಟಂದು. ಎಷ್ಟೋ ಪ್ರೋಗ್ರಾಂಗಳು ಇದನ್ನೇ ನಂಬ್ಕೊಂಡಿವೆ" ಅಂದ್ರು.

ಆಗ ಅಮ್ಮ ನೆನಪಾದ್ಲು. ಉಪ್ಪಿನಕಾಯಿ ಭರಣಿ ಅಟ್ಟದ ಮೇಲೆ. ದಿನದ ಊಟಕ್ಕೆ ಸಣ್ಣ ಬಾಟಲಿ. ಒದ್ದೆ ಚಮಚ ಬಿದ್ರೂ ಕೆಡೋದು ಬಾಟಲಿ ಮಾತ್ರ.

'ವೆನ್ವ್' ಅಂದ್ರೆ ಆ ಬಾಟಲಿ. ಪೈಥಾನ್ 3.3ರಿಂದ ಇದೆ. ಪ್ರಾಜೆಕ್ಟ್‌ಗೊಂದು ಫೋಲ್ಡರ್, ಒಂದರ ಲೈಬ್ರರಿ ಇನ್ನೊಂದಕ್ಕೆ ಸೋಕಲ್ಲ. ಕೆಟ್ರೆ ಫೋಲ್ಡರ್ ಅಳಿಸಿ, ರಿಕ್ವೈರ್‌ಮೆಂಟ್ಸ್ ಫೈಲ್ ನೋಡಿ ಮತ್ತೆ ತುಂಬಿಸೋದು. ಆ ಫೈಲ್ ಮಾತ್ರ ಜೋಪಾನ.

ನಾನು ಮತ್ತೆ ಎಡವಿದ್ದು ಇಲ್ಲಿ: ವೆನ್ವ್ ಹೊಸ ವರ್ಶನ್ ತಂದುಕೊಡಲ್ಲ. ಯಾವ ಪೈಥಾನಿಂದ ಮಾಡಿದ್ರೋ ಅದೇ ಒಳಗಿರುತ್ತೆ. 3.9 ಒಂದಕ್ಕೆ, 3.12 ಇನ್ನೊಂದಕ್ಕೆ ಬೇಕಂದ್ರೆ ಮೊದಲು 'ಪೈಎನ್ವ್'ನಿಂದ ಎರಡನ್ನೂ ಹಾಕ್ಕೊಳ್ಳಿ, ಆಮೇಲೆ ಒಂದೊಂದರಿಂದ ಒಂದೊಂದು ವೆನ್ವ್ ಮಾಡಿ. ಸಿಸ್ಟಂ ಪೈಥಾನ್ ತನ್ನ ಪಾಡಿಗೆ ಅಟ್ಟದ ಮೇಲೇ ಇರಲಿ.

ಅವತ್ತು ಡೆಮೊ ಆಯ್ತು, ಹತ್ತು ನಿಮಿಷ ತಡವಾಗಿ. ಈಗ ಹೊಸಬರು ಯಾರಾದ್ರೂ ಬೆವರ್ತಾ ನನ್ನ ಡೆಸ್ಕಿಗೆ ಬಂದ್ರೆ ನಾನೂ ಬೈಯಲ್ಲ. ಭರಣಿ ಕತೆ ಹೇಳ್ತೀನಿ.

ನೀವು ಯಾವ ಭರಣಿ ಕೆಡಿಸಿದ್ರಿ? ಕಮೆಂಟಲ್ಲಿ ಹೇಳಿ.