ಅಳಿಸಲು ಬಾರದ ಹೆಸರು



ಸಂಘದ ಸದಸ್ಯರ ಪಟ್ಟಿ ದಪ್ಪ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಬಂದಾಗ ಅದರ ವೆಬ್ ಪುಟ ಬರೆದವರು ನಾವೇ. ಹಾಗಾಗಿ ಈಗ ಹೇಳಹೊರಟ ತಪ್ಪಿಗೆ ಬೇರೆಯವರನ್ನು ದೂರುವಂತಿಲ್ಲ.

ಕಳೆದ ಯುಗಾದಿಗೆ, ತೀರಿಕೊಂಡ ಹಿರಿಯ ಸದಸ್ಯರೊಬ್ಬರ ಹೆಸರಿಗೇ ಆಮಂತ್ರಣ ಹೋಗಿತ್ತು. ಅವರ ಮನೆಯವರು ಫೋನು ಮಾಡಿ, "ಇನ್ನು ಕಳಿಸಬೇಡಿ" ಎಂದಷ್ಟೇ ಹೇಳಿದರು. ಮರುದಿನ ಶುಕ್ರವಾರ. ರೂವಿಯಲ್ಲಿ ಖಜಾಂಚಿಯವರ ಮನೆಗೆ ಹೋಗಿ, ಆ ಹೆಸರಿನ ಮುಂದೆ 'ಡಿಲೀಟ್' ಒತ್ತಿದೆವು. ಪರದೆಯ ಮೇಲೆ ಕೆಂಪಕ್ಷರ: ಪೇರೆಂಟ್ ರೋ ಅಳಿಸಲಾಗದು, ಫಾರಿನ್ ಕೀ ಕನ್‌ಸ್ಟ್ರೇಂಟ್, 1451.

"ಪೇರೆಂಟ್ ಅಂದ್ರೆ ಯಾರ್ರೀ? ಫಾರಿನ್ ಅಂದ್ರೆ ನಾವೇ ತಾನೆ?" ಎಂದರು ಖಜಾಂಚಿಯವರು. ನಗಲು ಆಗಲಿಲ್ಲ.

ವಿಷಯ ಇಷ್ಟೇ. ಡೇಟಾಬೇಸಿನಲ್ಲಿ ಸದಸ್ಯರದು ಒಂದು ಪಟ್ಟಿ, ಚಂದಾ ರಸೀದಿಗಳದು ಇನ್ನೊಂದು. ಪ್ರತಿ ರಸೀದಿಯೂ ಸದಸ್ಯರ ನಂಬರನ್ನು ಹಿಡಿದುಕೊಂಡಿರುತ್ತದೆ; ಆ ಕೊಂಡಿಗೇ ಫಾರಿನ್ ಕೀ ಎಂದು ಹೆಸರು. ಸದಸ್ಯರನ್ನು ತೆಗೆದರೆ ರಸೀದಿ ಅನಾಥವಾಗುತ್ತದೆಂದು ಡೇಟಾಬೇಸು ಬಿಡುವುದಿಲ್ಲ. ಮೈಎಸ್‌ಕ್ಯೂಎಲ್ ಇದಕ್ಕೆ 1451 ಎನ್ನುತ್ತದೆ, ಪೋಸ್ಟ್‌ಗ್ರೆಸ್ 23503 ಎನ್ನುತ್ತದೆ. ಇಲ್ಲಿಂದ ಊರಿಗೆ ಹೊರಟವರಿಗೆ ಈ ಕ್ರಮ ಹೊಸದಲ್ಲ: ಮೊದಲು ಹೆಂಡತಿ ಮಕ್ಕಳ ವೀಸಾ ರದ್ದು, ಆಮೇಲೆ ತನ್ನದು.

'ಕ್ಯಾಸ್ಕೇಡ್' ಎಂಬ ಒಂದು ಪದ ಸೇರಿಸಿದರೆ ತಡೆ ಹೋಗುತ್ತದೆ, ಜೊತೆಗೆ ರಸೀದಿಗಳೂ ಹೋಗುತ್ತವೆ. ಅವಸರದಲ್ಲಿ ನಾವು ಅದನ್ನೇ ಮಾಡಲಿದ್ದೆವು. "ಲೆಕ್ಕ ಯಾರು ಕೊಡೋದು?" ಎಂದು ಖಜಾಂಚಿಯವರು ತಡೆದರು. ಡೇಟಾಬೇಸು ತಡೆದದ್ದೂ ಸರಿಯೇ ಇತ್ತು. ಅದರ ಮಾತನ್ನು ಹಾಗೆಯೇ ಜನರ ಮುಂದಿಟ್ಟದ್ದು ನಮ್ಮ ತಪ್ಪು.

ಚಹಾ ಎರಡು ಸಲ ಬಂತು. ಈಗ ಪ್ರೋಗ್ರಾಮು ಆ ನಂಬರನ್ನು ಹಿಡಿದು, ರಸೀದಿ ಎಣಿಸಿ, ಕನ್ನಡದಲ್ಲಿ ಹೇಳುತ್ತದೆ: "ಇವರ ಹೆಸರಿನಲ್ಲಿ 11 ರಸೀದಿಗಳಿವೆ, ಆದ್ದರಿಂದ ಅಳಿಸಲಾಗದು. ಪತ್ರ ಕಳಿಸುವುದನ್ನು ನಿಲ್ಲಿಸಬೇಕೆ?" ಕೆಳಗೆ 'ನಿಲ್ಲಿಸಿ', 'ಬೇಡ' ಎಂಬ ಎರಡು ಗುಂಡಿಗಳು. ಮೊದಲೇ ಎಣಿಸಿ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ನಾವು ಎಣಿಸಿ ಮುಗಿಸುವಷ್ಟರಲ್ಲಿ ಸಲಾಲಾದಲ್ಲಿ ಕುಳಿತವರು ಇನ್ನೊಂದು ರಸೀದಿ ಬರೆದಿರುತ್ತಾರೆ. ಡೇಟಾಬೇಸಿನ ಕಾವಲು ಇರಲೇಬೇಕು.

'ನಿಲ್ಲಿಸಿ' ಒತ್ತಿದೆವು. ಹಿರಿಯರ ಹೆಸರು, ಅವರು ಕೊಟ್ಟ ಚಂದಾ, ಎಲ್ಲವೂ ಪಟ್ಟಿಯಲ್ಲಿ ಇದ್ದಲ್ಲೇ ಇವೆ. ದೀಪಾವಳಿಗೆ ವಿಳಾಸದ ಚೀಟಿಗಳನ್ನು ಮುದ್ರಿಸಿದಾಗ ಮಾತ್ರ ಅದು ಬರಲಿಲ್ಲ. ಖಜಾಂಚಿಯವರು ಕಟ್ಟನ್ನು ಎರಡು ಸಲ ತಿರುವಿ ನೋಡಿ, ಲಕೋಟೆಗಳಿಗೆ ಅಂಟು ಹಚ್ಚತೊಡಗಿದರು.